ದಿನಾ ಹೋಗುವ ತಾಣಕ್ಕೆ ದಿನಾ ದಾರಿ ಕೇಳಬೇಡಿ

ಪ್ರಶ್ನೆ: ಮೂಡಿಗೆರೆ ಹತ್ತಿರದ ಊರು ನಮ್ಮದು. ಆರು ಎಕರೆ ಕಾಫಿ, ನಡುವೆ ಮೆಣಸು. ಬೆಳಗ್ಗೆ ಕಾಫಿ ರೇಟು, ಆಗಾಗ ಪಹಣಿ, ತಿಂಗಳಿಗೊಮ್ಮೆ ಕರೆಂಟ್ ಬಿಲ್ಲು, ಹಾಸನದಲ್ಲಿ ಓದುವ ಮಗಳ ಸ್ಕಾಲರ್‌ಶಿಪ್ ಅರ್ಜಿ, ಎಲ್ಲವೂ ಈಗ ಇಂಟರ್‌ನೆಟ್‌ನಲ್ಲೇ. ಮಳೆಗಾಲದಲ್ಲಿ ನೆಟ್ ತೆವಳುತ್ತದೆ, ಒಂದೊಂದು ಕೆಲಸಕ್ಕೂ ಅರ್ಧ ಗಂಟೆ ಹೋಗುತ್ತದೆ. ತೆರೆದಿಟ್ಟ ಟ್ಯಾಬ್ ಕೈತಪ್ಪಿ ಮುಚ್ಚಿದರೆ ಮತ್ತೆ ಮೊದಲಿಂದ. ಫೋಟೋ 50 ಕೆಬಿ ಒಳಗಿರಬೇಕು ಎಂದು ಅರ್ಜಿ ವಾಪಸು ಬರುತ್ತದೆ. ಸಂಘದಿಂದ ಬರುವ ಕನ್ನಡ ಪತ್ರ ತೆರೆದರೆ ವಿಚಿತ್ರ ಅಕ್ಷರಗಳು. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಇದಕ್ಕೆಲ್ಲ ಒಳ್ಳೆಯ ಸಾಫ್ಟ್‌ವೇರ್ ಯಾವುದು? ಅಥವಾ ಹೊಸ ಲ್ಯಾಪ್‌ಟಾಪ್ ತಗೊಳ್ಳಲೇಬೇಕಾ?

ಉತ್ತರ: ಹೊಸ ಸಾಫ್ಟ್‌ವೇರ್ ಒಂದೂ ಬೇಡ. ನೀವು ಹೇಳಿದ ಅರ್ಧ ಗಂಟೆಯಲ್ಲಿ ನೆಟ್ ತಿನ್ನುವುದು ಸ್ವಲ್ಪ ಹೊತ್ತು, ಹುಡುಕಾಟ ತಿನ್ನುವುದೇ ಹೆಚ್ಚು. ದಿನವೂ ಹೋಗುವ ತಾಣಕ್ಕೆ ದಿನವೂ ಗೂಗಲ್‌ನಲ್ಲಿ ಹೆಸರು ಬರೆದು, ಬಂದ ಪಟ್ಟಿಯಲ್ಲಿ ಸರಿಯಾದದ್ದನ್ನು ಆರಿಸಿ, ಮುಖಪುಟ ಬಂದ ಮೇಲೆ ಮತ್ತೆ ಒಳಗೆ ಇಳಿಯುವುದೆಂದರೆ ಮೂರು ಪುಟ ಸುಮ್ಮನೆ ಲೋಡ್ ಆದಂತೆ. ಬೆಂಗಳೂರಿನ ಫೈಬರ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. ಆಷಾಢದಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಾಗ ಅದೇ ಹತ್ತು ನಿಮಿಷ.

ಜೊತೆಗೆ ಅಪಾಯವೂ ಇದೆ. ಬಿಲ್ ಕಟ್ಟುವ ತಾಣವನ್ನು ಪ್ರತಿ ಸಲ ಹುಡುಕಿ ಹೋಗುವವರು ಎಂದಾದರೊಮ್ಮೆ ಪಟ್ಟಿಯ ಮೇಲಿರುವ ಜಾಹೀರಾತನ್ನೋ ನಕಲಿ ತಾಣವನ್ನೋ ಒತ್ತಿಬಿಡುತ್ತಾರೆ. ಮೊದಲ ಸಲ ಬಿಲ್ಲಿನ ಮೇಲೆ ಅಚ್ಚಾದ ವಿಳಾಸವನ್ನೇ ನೋಡಿ ಟೈಪ್ ಮಾಡಿ, ಪುಟ ಸರಿಯಾಗಿ ತೆರೆದ ಮೇಲೆ ಕಂಟ್ರೋಲ್ ಮತ್ತು ಡಿ ಒತ್ತಿ ಬುಕ್‌ಮಾರ್ಕ್ ಮಾಡಿಕೊಳ್ಳಿ, ಅಂದರೆ ಆ ವಿಳಾಸವನ್ನು ಬ್ರೌಸರ್‌ನಲ್ಲೇ ಗುರುತಿಟ್ಟುಕೊಳ್ಳಿ. ಹೆಸರಿನ ಜಾಗದಲ್ಲಿ ಅದು ಕೊಡುವ ಉದ್ದನೆಯ ಇಂಗ್ಲಿಷ್ ಸಾಲನ್ನು ಅಳಿಸಿ ‘ಪಹಣಿ’, ‘ಕರೆಂಟ್’, ‘ರೇಟು’ ಎಂದು ಒಂದೇ ಪದ ಬರೆಯಿರಿ. ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ವಿಳಾಸಪಟ್ಟಿಯ (ತಾಣದ ವಿಳಾಸ ಬರೆಯುವ ಮೇಲಿನ ಉದ್ದ ಪೆಟ್ಟಿಗೆಯ) ಕೆಳಗೆ ಈ ಪದಗಳೆಲ್ಲ ಸಾಲಾಗಿ ಕೂರುತ್ತವೆ. ಬೆಳಗಿನ ತಾಣಗಳನ್ನು ಒಂದು ಫೋಲ್ಡರ್‌ಗೆ ಹಾಕಿ. ಕಂಟ್ರೋಲ್ ಹಿಡಿದು ಫೋಲ್ಡರ್ ಒತ್ತಿದರೆ ಎಲ್ಲವೂ ಒಮ್ಮೆಗೇ ತೆರೆಯುತ್ತವೆ. ಒಲೆ ಮೇಲೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಿಧಾನದ ನೆಟ್‌ನಲ್ಲೂ ನಾಲ್ಕು ಪುಟ ಬಂದಿರುತ್ತವೆ. ಫೋನಿನಲ್ಲಾದರೆ ಕ್ರೋಮ್‌ನ ಮೂರು ಚುಕ್ಕಿ ಒತ್ತಿ ‘ಆ್ಯಡ್ ಟು ಹೋಮ್ ಸ್ಕ್ರೀನ್’ ಆರಿಸಿ, ತಾಣ ಒಂದು ಆ್ಯಪ್‌ನಂತೆ ಪರದೆಗೆ ಬರುತ್ತದೆ.

ಕರೆಂಟ್ ಬಿಲ್ಲಿನಲ್ಲಿ ಒಂದು ಗೊಂದಲ ನಿಮ್ಮಂಥವರಿಗೆ ಸಹಜ. ಚಿಕ್ಕಮಗಳೂರು ಜಿಲ್ಲೆ ಮಂಗಳೂರಿನ ವಿದ್ಯುತ್ ಕಂಪನಿ ಮೆಸ್ಕಾಂಗೆ ಸೇರಿದ್ದು, ಹಾಸನ ಜಿಲ್ಲೆ ಮೈಸೂರಿನ ಚಾಮುಂಡೇಶ್ವರಿ ಕಂಪನಿಗೆ. ಮಗಳ ಬಾಡಿಗೆ ರೂಮಿನ ಬಿಲ್ಲನ್ನು ಮೆಸ್ಕಾಂ ತಾಣದಲ್ಲಿ ಹುಡುಕಿದರೆ ಸಂಖ್ಯೆ ಸಿಗುವುದೇ ಇಲ್ಲ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬೇರೆ, ಅಕೌಂಟ್ ಐಡಿ ಬೇರೆ, ತಾಣ ಯಾವುದನ್ನು ಕೇಳುತ್ತಿದೆ ನೋಡಿಕೊಳ್ಳಿ. ಹಣ ಕಟ್ಟುವಾಗ ಚಕ್ರ ಸುತ್ತುತ್ತಲೇ ಇದ್ದರೆ ರಿಫ್ರೆಶ್ ಒತ್ತಬೇಡಿ, ಎರಡನೇ ಸಲ ಕಟ್ಟಲೂ ಬೇಡಿ. ಮೊದಲು ಖಾತೆಯಿಂದ ಹಣ ಹೋಗಿದೆಯೇ ನೋಡಿ.

ಪಹಣಿಗೆ ಬರೋಣ. ಕಂದಾಯ ಇಲಾಖೆಯ ‘ಭೂಮಿ’ ತಾಣದಲ್ಲಿ ಬುಕ್‌ಮಾರ್ಕ್ ಮಾಡಬೇಕಾದದ್ದು ಪಹಣಿ ನೋಡುವ ಮೊದಲ ಪುಟ ಮಾತ್ರ. ಸರ್ವೆ ನಂಬರ್ ತುಂಬಿ ಒಳಗೆ ಹೋದ ಪುಟವನ್ನು ಉಳಿಸಿಕೊಂಡರೆ ನಾಳೆ ಅದು ‘ಸೆಷನ್ ಎಕ್ಸ್‌ಪೈರ್ಡ್’ ಎನ್ನುತ್ತದೆ, ಏಕೆಂದರೆ ನೀವು ತುಂಬಿದ ವಿವರ ವಿಳಾಸದಲ್ಲಿ ಇರುವುದಿಲ್ಲ, ಆ ಹೊತ್ತಿನ ಸಂಪರ್ಕದ ಜೊತೆ ಇದ್ದು ಅದರೊಟ್ಟಿಗೇ ಹೋಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿ ‘ಗೋ’ ಒತ್ತಿದ ಮೇಲೆ ಸರ್ನಾಕ್ ಎಂಬ ಪಟ್ಟಿ ಬರುತ್ತದೆ. ಬಹಳ ಕಡೆ ಅದರಲ್ಲಿ ಬರೀ ನಕ್ಷತ್ರ ಚಿಹ್ನೆ ಇರುತ್ತದೆ. ಖಾಲಿ ಎಂದುಕೊಂಡು ಬಿಟ್ಟು ಮುಂದೆ ಹೋದರೆ ಹಿಸ್ಸಾ ಪಟ್ಟಿ ತೆರೆಯುವುದಿಲ್ಲ. ಆ ನಕ್ಷತ್ರವನ್ನೇ ಆರಿಸಬೇಕು. ಪ್ರತಿ ಪಟ್ಟಿಯನ್ನು ಆರಿಸಿದ ಮೇಲೂ ಪುಟ ಸರ್ವರ್ ಜೊತೆ ಮಾತಾಡಿ ಬರುತ್ತದೆ, ಆದ್ದರಿಂದ ಮುಂದಿನದು ತುಂಬುವವರೆಗೆ ಕೈ ಕಟ್ಟಿ ಕೂರುವುದೇ ಬೇಗ ಮುಗಿಸುವ ದಾರಿ. ಕೊನೆಗೆ ‘ವ್ಯೂ’ ಒತ್ತಿದರೆ ಏನೂ ಆಗದಿದ್ದರೆ ವಿಳಾಸಪಟ್ಟಿಯ ಬಲತುದಿ ನೋಡಿ. ಅಲ್ಲಿ ಸಣ್ಣ ಕಿಟಕಿಯ ಮೇಲೆ ಕೆಂಪು ಗುರುತು ಇದ್ದರೆ ಬ್ರೌಸರ್ ಪಾಪ್‌ಅಪ್ ತಡೆದಿದೆ. ಅದನ್ನು ಒತ್ತಿ ಆ ತಾಣಕ್ಕೆ ಮಾತ್ರ ಅನುಮತಿ ಕೊಡಿ.

ಪುಟ ಕಂಡ ಮೇಲೆ ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟರ್ ಹೆಸರಿನ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ ಉಳಿಸಿಟ್ಟುಕೊಳ್ಳಿ. ಬರೀ ನೋಡಲಿಕ್ಕಾದರೆ ಮತ್ತೆ ಮತ್ತೆ ಭೂಮಿಗೆ ಹೋಗುವ ಅಗತ್ಯವಿಲ್ಲ. ಇದೇ ಪ್ರಿಂಟ್ ಕಿಟಕಿ ಪಿಡಿಎಫ್ ಕತ್ತರಿಸುವ ಕತ್ತರಿಯೂ ಹೌದು. ಹತ್ತು ಪುಟದ ಪಿಡಿಎಫ್ ಅನ್ನು ಬ್ರೌಸರ್‌ನಲ್ಲೇ ತೆರೆದು, ‘ಪೇಜಸ್’ ಎಂಬಲ್ಲಿ ‘ಕಸ್ಟಮ್’ ಆರಿಸಿ 2-3 ಎಂದು ಬರೆದು ಉಳಿಸಿದರೆ ಎರಡೇ ಪುಟದ ಹೊಸ ಕಡತ ಸಿಗುತ್ತದೆ. ಇಷ್ಟು ಕೆಲಸಕ್ಕೆ ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಯಾವುದೋ ‘ಉಚಿತ ಪಿಡಿಎಫ್’ ತಾಣಕ್ಕೆ ಏರಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಳಿಸಿಕೊಂಡ ಆಧಾರ್ ಪಿಡಿಎಫ್, ಅಂದರೆ ಇ-ಆಧಾರ್, ತೆರೆಯುವ ಪಾಸ್‌ವರ್ಡ್ ಕೂಡ ಸರಳ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಜಾಗ ಬಿಡದೆ ಹುಟ್ಟಿದ ವರ್ಷ. ಇಳಿಸಿಕೊಳ್ಳುವಾಗ ‘ಮಾಸ್ಕ್ಡ್’ ಆಯ್ಕೆ ಹಾಕಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಗುರುತಿಗಷ್ಟೇ ಕೇಳುವ ಕಡೆ ಅದನ್ನೇ ಕೊಡಿ.

ಕೈತಪ್ಪಿ ಮುಚ್ಚಿದ ಟ್ಯಾಬ್‌ಗೆ ಔಷಧ ಕಂಟ್ರೋಲ್, ಶಿಫ್ಟ್, ಟಿ. ಒತ್ತಿದಷ್ಟು ಸಲ ಒಂದೊಂದೇ ಹಿಂದಿನ ಟ್ಯಾಬ್ ಎದ್ದು ಬರುತ್ತದೆ. ಕರೆಂಟ್ ಹೋಗಿ ಲ್ಯಾಪ್‌ಟಾಪೇ ಆರಿದ್ದರೂ ಮತ್ತೆ ಬ್ರೌಸರ್ ತೆರೆದು ಇದನ್ನೇ ಒತ್ತಿ ನೋಡಿ. ಹೋದ ತಾಣಗಳ ನೆನಪಿಡದ ‘ಇನ್‌ಕಾಗ್ನಿಟೋ’ ಕಿಟಕಿಯಲ್ಲಿ ಮಾತ್ರ ಇದು ನಡೆಯದು. ಆದರೆ ಟ್ಯಾಬ್ ಬಂದರೂ ಅರ್ಧ ತುಂಬಿದ ಅರ್ಜಿ ವಾಪಸು ಬರುತ್ತದೆ ಎಂಬ ಖಾತ್ರಿ ಇಲ್ಲ. ಅದಕ್ಕೇ ಸ್ಕಾಲರ್‌ಶಿಪ್ ಅರ್ಜಿಯ ವಿಳಾಸ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಅಂಕಪಟ್ಟಿಯ ಸಂಖ್ಯೆ ಎಲ್ಲವನ್ನೂ ಮೊದಲು ನೋಟ್‌ಪ್ಯಾಡ್‌ನಲ್ಲಿ ಸಾಲಾಗಿ ಬರೆದಿಟ್ಟುಕೊಂಡು ಒಂದೊಂದಾಗಿ ನಕಲಿಸಿ. ವಿಂಡೋಸ್ ಕೀಲಿ ಮತ್ತು ವಿ ಒತ್ತಿ ಒಮ್ಮೆ ‘ಟರ್ನ್ ಆನ್’ ಮಾಡಿದರೆ ನಕಲಿಸಿದ ಕೊನೆಯ 25 ತುಣುಕುಗಳವರೆಗೆ ನೆನಪಿಟ್ಟುಕೊಂಡು ಪಟ್ಟಿ ತೋರಿಸುತ್ತದೆ. ಪಿನ್ ಮಾಡದವು ಲ್ಯಾಪ್‌ಟಾಪ್ ಮತ್ತೆ ಶುರುವಾದಾಗ ಅಳಿಸಿಹೋಗುತ್ತವೆ. ಪಾಸ್‌ವರ್ಡ್ ಮಾತ್ರ ಹೀಗೆ ನಕಲಿಸಬೇಡಿ, ಆ ಪಟ್ಟಿಯಲ್ಲಿ ಅದೂ ಬರಿಗಣ್ಣಿಗೆ ಕಾಣುತ್ತದೆ.

ಇನ್ನು 50 ಕೆಬಿ ಫೋಟೋ. ಇಲ್ಲಿ ಬಹಳ ಜನ ಸೋಲುವುದು ಒಂದೇ ಕಾರಣಕ್ಕೆ: ಫೋಟೋದ ಗುಣಮಟ್ಟ ಇಳಿಸುತ್ತಾರೆ, ಅಳತೆ ಇಳಿಸುವುದಿಲ್ಲ. ಫೋನಿನ 12 ಮೆಗಾಪಿಕ್ಸೆಲ್ ಚಿತ್ರ ಮೂರು ನಾಲ್ಕು ಸಾವಿರ ಪಿಕ್ಸೆಲ್ ಉದ್ದಗಲ ಇರುತ್ತದೆ. ಅದನ್ನು ಹಾಗೇ ಇಟ್ಟು 50 ಕೆಬಿಗೆ ಹಿಂಡಿದರೆ ಮುಖವೆಲ್ಲ ಚೌಕ ಚೌಕವಾಗುತ್ತದೆ. ಪಾಸ್‌ಪೋರ್ಟ್ ಅಳತೆ 35 ಮಿಮೀ ಅಗಲ, 45 ಮಿಮೀ ಎತ್ತರ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅದು 413 ಮತ್ತು 531 ಪಿಕ್ಸೆಲ್, ಅಷ್ಟೇ ಸಾಕು. ಮೊದಲು ಫೋನಿನ ಗ್ಯಾಲರಿಯಲ್ಲೇ ಮುಖ, ಭುಜ ಬರುವಂತೆ ಆ ಪ್ರಮಾಣಕ್ಕೆ ಕತ್ತರಿಸಿ. ಆಮೇಲೆ ಬ್ರೌಸರ್‌ನಲ್ಲಿ ‘ಸ್ಕ್ವೂಶ್’ ತೆರೆಯಿರಿ. ಗೂಗಲ್‌ನವರು ಮಾಡಿದ ಉಚಿತ ಸಲಕರಣೆ, ಚಿತ್ರ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದಿಲ್ಲ, ಕೆಲಸವೆಲ್ಲ ಬ್ರೌಸರ್ ಒಳಗೇ. ಹಾಗಾಗಿ ನೆಟ್ ನಿಧಾನವಿದ್ದರೂ ತೊಂದರೆಯಿಲ್ಲ. ಚಿತ್ರವನ್ನು ಎಳೆದು ಅದರೊಳಗೆ ಬಿಟ್ಟು, ಬಲಗಡೆ ‘ರೀಸೈಜ್’ ಆನ್ ಮಾಡಿ ಅಗಲ 413 ಎಂದು ಬರೆದರೆ ಎತ್ತರ ತಾನೇ ಹೊಂದಿಕೊಳ್ಳುತ್ತದೆ. ಕೆಳಗೆ ‘ಮೋಜ್‌ಜೆಪೆಗ್’ ಆರಿಸಿ, ಕ್ವಾಲಿಟಿ 75ರಿಂದ ಶುರುಮಾಡಿ. ಕೆಳಮೂಲೆಯಲ್ಲಿ ಕಡತದ ತೂಕ ಆಗಿಂದಾಗ್ಗೆ ಕಾಣುತ್ತದೆ. 50 ದಾಟಿದರೆ 65, 60 ಎಂದು ಇಳಿಸಿ.

ಆಮೇಲೂ ತಾಣ ಬೇಡವೆಂದರೆ? ಕೆಲವು ಅರ್ಜಿಗಳಲ್ಲಿ ಕನಿಷ್ಠ ಮಿತಿಯೂ ಇರುತ್ತದೆ, 20ರಿಂದ 50 ಕೆಬಿ ಎಂದಿದ್ದರೆ 14 ಕೆಬಿಯ ಚಿತ್ರವೂ ಫೇಲು. ಕಡತದ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ, ಆವರಣ ಚಿಹ್ನೆ ಇದ್ದರೂ ಕೆಲವು ತಾಣಗಳು ಮುನಿಸಿಕೊಳ್ಳುತ್ತವೆ, ಸಣ್ಣ ಇಂಗ್ಲಿಷ್ ಹೆಸರು ಕೊಡಿ. ಐಫೋನ್ ತೆಗೆಯುವ ಹೆಚ್‌ಇಐಸಿ ಚಿತ್ರಗಳನ್ನು ಹೆಚ್ಚಿನ ಸರ್ಕಾರಿ ತಾಣಗಳು ಮುಟ್ಟುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನ ‘ಫಾರ್ಮ್ಯಾಟ್ಸ್’ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಮಾಡಿ ಮತ್ತೆ ಫೋಟೋ ತೆಗೆಯಿರಿ. ಕಡತದ ಹೆಸರಿನ ಕೊನೆಯ ಹೆಚ್‌ಇಐಸಿ ಬಾಲವನ್ನು ಕೈಯಾರೆ ಜೆಪಿಜಿ ಎಂದು ತಿದ್ದಿದರೆ ಹೆಸರು ಬದಲಾಗುತ್ತದೆ, ಒಳಗಿನದು ಬದಲಾಗುವುದಿಲ್ಲ. ಅಂಕಪಟ್ಟಿ, ಜಾತಿ ಪ್ರಮಾಣಪತ್ರಕ್ಕೆ ಫೋಟೋ ಬೇಡ. ಆಂಡ್ರಾಯ್ಡ್‌ನ ಗೂಗಲ್ ಡ್ರೈವ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪು ಆಯ್ಕೆ ಹಾಕಿದರೆ ತೂಕ ಗಣನೀಯವಾಗಿ ಇಳಿಯುತ್ತದೆ.

ಸಂಘದ ಪತ್ರದಲ್ಲಿ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷ್ ಪಿ ಅಕ್ಷರ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು ಕಾಣುತ್ತಿದೆ ಅಲ್ಲವೇ? ಅದು ಹಾಳಾದ ಕಡತವಲ್ಲ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದು. ಅಲ್ಲಿ ಕಂಪ್ಯೂಟರ್ ಪಾಲಿಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ನಿಮ್ಮಲ್ಲಿಲ್ಲದಿದ್ದರೆ ವೇಷ ಕಳಚಿಬೀಳುತ್ತದೆ. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಈ ರಗಳೆ ಇಲ್ಲ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಪಠ್ಯವನ್ನು ನಕಲಿಸಿ ಅಂಟಿಸಿ ಗುಂಡಿ ಒತ್ತಿದರೆ ಆಯಿತು. ಆದರೆ ಎರಡು ಕಡೆ ಕಣ್ಣಿಡಿ: ಮೂಲದಲ್ಲಿದ್ದ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗಿ ಬದಲಾಗುತ್ತವೆ, ಮತ್ತು ‘ವರ್ಷ’, ‘ಕಾರ್ಯದರ್ಶಿ’ ಥರದ ಅರ್ಕಾವತ್ತಿನ ಪದಗಳು ಕೆಲವೊಮ್ಮೆ ಕೆಡುತ್ತವೆ.

ಇದರದ್ದೇ ಇನ್ನೊಂದು ಮುಖ ಹೆಚ್ಚಿನವರಿಗೆ ಗೊತ್ತಿಲ್ಲ. ಇಲಾಖೆಯ ಫಲಾನುಭವಿ ಪಟ್ಟಿ ಪಿಡಿಎಫ್ ತೆರೆದು ಕಂಟ್ರೋಲ್ ಮತ್ತು ಎಫ್ ಒತ್ತಿ ಊರ ಹೆಸರು ಬರೆಯುತ್ತೀರಿ. ‘0 ಸಿಕ್ಕಿದೆ’ ಎನ್ನುತ್ತದೆ, ಕಣ್ಣೆದುರೇ ಹೆಸರಿದ್ದರೂ! ಕಾರಣ ಅದೇ ನುಡಿ. ಆಗ ಹೆಸರು ಬಿಟ್ಟು ಅಂಕಿಯನ್ನು ಹುಡುಕಿ: ಸರ್ವೆ ನಂಬರ್, ಅರ್ಜಿ ಸಂಖ್ಯೆ, ದಿನಾಂಕ. ಅಂಕಿಗೂ ಸಿಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ. ಗೂಗಲ್ ಡ್ರೈವ್‌ಗೆ ಏರಿಸಿ, ಬಲಗುಂಡಿ ಒತ್ತಿ ‘ಓಪನ್ ವಿತ್ ಗೂಗಲ್ ಡಾಕ್ಸ್’ ಕೊಟ್ಟರೆ ಕನ್ನಡವನ್ನೂ ಓದಿ ಪಠ್ಯವಾಗಿ ಬದಲಿಸುತ್ತದೆ. ಪಟ್ಟಿಯ ಗೆರೆ, ಕಾಲಂಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ಹುಡುಕಲು ಮಾತ್ರ ಸಾಕು. ನೀವೇ ಕನ್ನಡ ಬರೆಯಲು ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದೀಚೆಗೆ ‘ಕನ್ನಡ ಫೊನೆಟಿಕ್’ ಕೀಲಿಮಣೆ ಒಳಗೇ ಇದೆ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಕೀಲಿಮಣೆ ಪಟ್ಟಿಯಿಂದ ಇದನ್ನು ಆರಿಸಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲು.

ಹುಡುಕಲೇಬೇಕಾದ ಸಂದರ್ಭಗಳೂ ಇರುತ್ತವೆ, ಆಗ ಸ್ವಲ್ಪ ಹಟದಿಂದ ಹುಡುಕಿ. ನಿಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ‘ಚಿಕ್‌ಮಗಳೂರ್’ ಎಂಬ ಹಳೆಯ ರೂಪದಲ್ಲಿರುವ ಕಡತ ಹೊಸ ರೂಪದಲ್ಲಿ ಹುಡುಕಿದರೆ ಮೇಲೆ ಬಾರದಿರಬಹುದು. ಎರಡನ್ನೂ ಬರೆದು ನಡುವೆ ದೊಡ್ಡಕ್ಷರದಲ್ಲಿ ಇಂಗ್ಲಿಷ್‌ನ ‘ಆರ್’ ಪದ, ಅಂದರೆ ‘ಅಥವಾ’ ಹಾಕಿ. ಒಂದೇ ತಾಣದೊಳಗೆ ಹುಡುಕಲು ‘ಸೈಟ್’ ಎಂಬ ಇಂಗ್ಲಿಷ್ ಪದ, ಕೋಲನ್, ಜಾಗ ಬಿಡದೆ ತಾಣದ ವಿಳಾಸ, ಆಮೇಲೆ ನಿಮ್ಮ ಪದ. ಎಷ್ಟೋ ಸರ್ಕಾರಿ ತಾಣಗಳ ಒಳಗಿನ ಹುಡುಕು ಪೆಟ್ಟಿಗೆಗಿಂತ ಇದು ಎಷ್ಟೋ ವಾಸಿ. ಸತ್ತುಹೋದ ಕೊಂಡಿಗೆ ‘ಗೂಗಲ್ ಕ್ಯಾಶ್ ನೋಡಿ’, ಅಂದರೆ ಗೂಗಲ್ ಉಳಿಸಿಟ್ಟ ಪ್ರತಿ ನೋಡಿ ಎಂದು ಹಳೆಯ ಬರಹಗಳು ಹೇಳುತ್ತವೆ. ಗೂಗಲ್ ಅದನ್ನು 2024ರಲ್ಲಿ ನಿಲ್ಲಿಸಿತು, ಈಗ ಹಳೆಯ ಪುಟಗಳನ್ನು ಕೂಡಿಡುವ ‘ವೇಬ್ಯಾಕ್ ಮಷೀನ್’ ತಾಣದಲ್ಲಿ ಹಳೆಯ ಪ್ರತಿ ಹುಡುಕಿ. ಹಾಗೆಯೇ ಕ್ರೋಮ್‌ನ ‘ಡೇಟಾ ಸೇವರ್’ ಆನ್ ಮಾಡಿ ಎಂಬ ಸಲಹೆಯೂ ಹಳಸಲು, ಆ ಸೌಲಭ್ಯ 2022ರಲ್ಲೇ ಹೋಯಿತು.

ಪದೇ ಪದೇ ಹುಡುಕುವ ತಾಣಕ್ಕೆ ಕ್ರೋಮ್‌ನಲ್ಲೇ ಅಡ್ಡದಾರಿ ಮಾಡಬಹುದು. ಉದಾಹರಣೆಗೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ತಾಣದಲ್ಲಿ ಯಾವುದಾದರೂ ಪದ ಹುಡುಕಿ, ಬಂದ ಪುಟದ ವಿಳಾಸ ನೋಡಿ. ವಿಳಾಸದಲ್ಲೇ ನಿಮ್ಮ ಪದ ಇರುತ್ತದೆ. ಆ ವಿಳಾಸ ನಕಲಿಸಿಕೊಂಡು, ಸೆಟ್ಟಿಂಗ್ಸ್‌ನ ಸರ್ಚ್ ಎಂಜಿನ್ ವಿಭಾಗದಲ್ಲಿ ‘ಸೈಟ್ ಸರ್ಚ್’ ಪಕ್ಕದ ‘ಆ್ಯಡ್’ ಒತ್ತಿ, ಪದವಿದ್ದ ಜಾಗದಲ್ಲಿ ಶೇಕಡಾ ಚಿಹ್ನೆ ಮತ್ತು ಸಣ್ಣ ಇಂಗ್ಲಿಷ್ ಎಸ್ ಹಾಕಿ. ಶಾರ್ಟ್‌ಕಟ್‌ಗೆ ಒಂದೇ ಅಕ್ಷರ ಕೊಡಿ. ಇನ್ನು ಕಂಟ್ರೋಲ್ ಮತ್ತು ಎಲ್ ಒತ್ತಿ ವಿಳಾಸಪಟ್ಟಿಗೆ ಹೋಗಿ, ಆ ಅಕ್ಷರ, ಟ್ಯಾಬ್ ಕೀಲಿ, ಬೇಕಾದ ಪದ. ಪದ ವಿಳಾಸದಲ್ಲಿ ಕಾಣಿಸದ ತಾಣಗಳಿಗೆ, ಅಂದರೆ ಭೂಮಿಯಂಥವಕ್ಕೆ, ಈ ಉಪಾಯ ನಡೆಯದು.

ವಿಳಾಸಪಟ್ಟಿ ಕ್ಯಾಲ್ಕುಲೇಟರ್ ಕೂಡ. ಕಾಫಿ ಬೆಳೆಗಾರರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುವ ಕಡೆ. ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆ ಪೌಂಡಿಗೆ ಇಷ್ಟು ಸೆಂಟ್ ಎನ್ನುತ್ತದೆ, ರೋಬಸ್ಟಾಕ್ಕೆ ಲಂಡನ್ ಪೇಟೆ ಟನ್ನಿಗೆ ಇಷ್ಟು ಡಾಲರ್ ಎನ್ನುತ್ತದೆ, ನಮ್ಮಲ್ಲಿ ಮಾತು 50 ಕೆಜಿ ಮೂಟೆಯದು. 50 ಕೆಜಿ ಎಂದರೆ 110.23 ಪೌಂಡ್. ನ್ಯೂಯಾರ್ಕ್ 300 ಸೆಂಟ್ ಅಂದುಕೊಳ್ಳಿ: ವಿಳಾಸಪಟ್ಟಿಯಲ್ಲಿ 3*110.23 ಎಂದು ಬರೆದರೆ ಎಂಟರ್ ಒತ್ತುವ ಮುಂಚೆಯೇ ಕೆಳಗೆ 330.69 ಎಂದು ಉತ್ತರ ಬರುತ್ತದೆ, ಅದು ಮೂಟೆಗೆ ಡಾಲರ್. ಅಂದಿನ ರೂಪಾಯಿ ದರದಿಂದ ಗುಣಿಸಿ. ಲಂಡನ್ 4,000 ಎಂದರೆ 20ರಿಂದ ಭಾಗಿಸಿ, ಮೂಟೆಗೆ 200 ಡಾಲರ್. ಇದು ಸಿಪ್ಪೆ ತೆಗೆದ ಶುದ್ಧ ಬೀಜದ ಲೆಕ್ಕ ಎಂಬುದು ನೆನಪಿರಲಿ. ನೀವು ಮಾರುವುದು ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ಅಥವಾ ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು). ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಶುದ್ಧ ಬೀಜದ ಪಾಲು, ಲೆಕ್ಕ ಹಾಕಿಯೇ ವ್ಯಾಪಾರಿಯ ರೇಟಿಗೆ ಹೋಲಿಸಬೇಕು. ದೇಶದೊಳಗಿನ ದರಕ್ಕೆ ಕಾಫಿ ಮಂಡಳಿಯ ತಾಣವನ್ನು ಬುಕ್‌ಮಾರ್ಕ್ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ರೇಟಿನ ಚಿತ್ರದ ಮೇಲೆ ತಾರೀಖು ಇದೆಯೇ ಎಂದೂ ನೋಡಿ, ಹೋದ ವಾರದ್ದು ಇವತ್ತು ಸುತ್ತುವುದು ಮಾಮೂಲು.

ತಾಣ ತೆರೆಯದಿದ್ದರೆ ಎಫ್5 ಕುಟ್ಟಬೇಡಿ. ಪ್ರತಿ ಸಲವೂ ಬರುತ್ತಿದ್ದ ಪುಟವನ್ನು ಬಿಟ್ಟು ಮತ್ತೆ ಹೊಸದಾಗಿ ಕೇಳಿದಂತೆ. ತಾಣ ಬಿದ್ದಿದೆಯೇ ಎಂದು ಹೇಳುವ ವಿದೇಶಿ ತಾಣಗಳ ಮಾತೂ ಇಲ್ಲಿ ಪೂರ್ತಿ ನಂಬುವಂತಿಲ್ಲ, ನಮ್ಮ ಕೆಲವು ಸರ್ಕಾರಿ ತಾಣಗಳು ಹೊರದೇಶದಿಂದ ಬರುವ ಕೋರಿಕೆಯನ್ನೇ ತಡೆಯುತ್ತವೆ. ಬೇರೆ ಕಂಪನಿಯ ಸಿಮ್ ಇರುವ ಫೋನಿನಲ್ಲಿ ನೋಡುವುದೇ ಸುಲಭ ಪರೀಕ್ಷೆ. ಎಲ್ಲಾ ತಾಣಗಳೂ ಒಟ್ಟಿಗೆ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನತೊಡಗಿದರೆ ಮೂಲೆಯ ಗಡಿಯಾರ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಬಟನ್ ಸೆಲ್ ಸತ್ತಿದ್ದರೆ, ಬ್ಯಾಟರಿ ಪೂರ್ತಿ ಇಳಿದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ತಾಣಗಳ ಭದ್ರತಾ ಪತ್ರದ ಅವಧಿ ಆ ತಾರೀಖಿಗೆ ಹೊಂದುವುದಿಲ್ಲ. ಗಡಿಯಾರ ಸರಿಮಾಡಿ, ಸೆಲ್ ಬದಲಿಸಲು ಅಂಗಡಿಗೆ ಕೊಡಿ.

ಹೊಸ ಲ್ಯಾಪ್‌ಟಾಪ್ ಬೇಕೇ? ಮೊದಲು ಕ್ರೋಮ್ ಸೆಟ್ಟಿಂಗ್ಸ್‌ನ ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ ಸೇವರ್’ ಆನ್ ಮಾಡಿ, ಅರ್ಜಿ ತುಂಬುವ ತಾಣವನ್ನು ಮಾತ್ರ ‘ಆಲ್ವೇಸ್ ಕೀಪ್ ಆ್ಯಕ್ಟಿವ್’ ಪಟ್ಟಿಗೆ ಸೇರಿಸಿ. ಇಲ್ಲವಾದರೆ ಬೇರೆ ಟ್ಯಾಬ್‌ಗೆ ಹೋಗಿ ಬರುವಷ್ಟರಲ್ಲಿ ಅದು ಮಲಗಿ, ಮತ್ತೆ ಲೋಡ್ ಆದೀತು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ನೋಡಿ. ‘ಸ್ಲಾಟ್ಸ್ ಯೂಸ್ಡ್’ ಎಂಬಲ್ಲಿ 2ರಲ್ಲಿ 1 ಎಂದಿದ್ದರೆ ಇನ್ನೊಂದು 4 ಜಿಬಿ ರ‍್ಯಾಮ್ ಪಟ್ಟಿ ಹಾಕಿಸಲು ಜಾಗವಿದೆ. ಪಕ್ಕದ ‘ಡಿಸ್ಕ್’ ಒತ್ತಿದಾಗ ಹೆಚ್‌ಡಿಡಿ (ತಿರುಗುವ ಹಳೆಯ ಬಗೆಯ ಡಿಸ್ಕ್) ಎಂದಿದ್ದರೆ ಅದನ್ನು ವೇಗದ ಎಸ್‌ಎಸ್‌ಡಿಗೆ ಬದಲಿಸಿ. ಇವೆರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಎಸ್‌ಎಸ್‌ಡಿ ಮೊದಲು. ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪ್ ತಳದ ಮಾಡೆಲ್ ಸಂಖ್ಯೆಯ ಫೋಟೋ ತೆಗೆದುಕೊಂಡು ಹೋಗಿ. ಡಿಡಿಆರ್3 ಬಗೆಯ ರ‍್ಯಾಮ್ ಇರುವ ಜಾಗಕ್ಕೆ ಡಿಡಿಆರ್4 ಪಟ್ಟಿ ಕೂರುವುದಿಲ್ಲ.